ಗುಂಯ್ ಎನ್ನದ ಪೆಡಲ್

ನನ್ನ ಒಂದು ತಿಂಗಳ ದುಡಿಮೆಯನ್ನು ಇವತ್ತು ಗುಡ್ಡಪ್ಪ ಒಂದೇ ಮಾತಿನಲ್ಲಿ ಫೇಲು ಮಾಡಿದ, ಗೆಳೆಯರೇ!

ಎಂಬತ್ಮೂರರಲ್ಲಿ ನಾವಿಬ್ಬರೂ ಹಾನಗಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿದ್ದೆವು. ನನ್ನದು ಗಿಟಾರ್, ಅವನದು ಢೋಲಕ್. ಗಿಟಾರಿನ ದನಿ ತಲೆಯ ಮೇಲೆ ವಿಮಾನ ಹಾದುಹೋದಂತೆ ಏರಿಳಿಯಲಿ ಎಂದು ಕಾಲ ಬಳಿ ಒಂದು ಫ್ಲಾಂಜರ್ ಪೆಡಲ್ ಇಟ್ಟುಕೊಳ್ಳುತ್ತಿದ್ದೆ. ಅದು ಕೆಟ್ಟು ಗುಜರಿ ಸೇರಿ ಎಷ್ಟೋ ವರ್ಷವಾಯಿತು. ಈಗ ಅದರ ನಕಲನ್ನು ನಾನೇ ಮನೆಯಲ್ಲಿ, ಹೆಂಡತಿಯ ಜೀರಿಗೆ ಡಬ್ಬಿಯೊಳಗೆ ಕಟ್ಟಿದ್ದೇನೆ.

ಢೋಲಕ್ ಸಮೇತ ಮನೆಗೆ ಬಂದ ಗುಡ್ಡಪ್ಪನಿಗೆ ಅದನ್ನು ನುಡಿಸಿ ತೋರಿಸಿದೆ. ಅವನು ಕಣ್ಣು ಮುಚ್ಚಿ ಕೇಳಿದ. "ವಿಮಾನ ಬಂತಪ. ಆದ್ರ ಇದು ನಮ್ಮ ಪೆಡಲ್ ಅಲ್ಲ. ಅದು ದನಿ ಹಿಂದ ಒಂದ ಸಮ ಗುಂಯ್ ಅಂತಿತ್ತು."

"ಲೇ, ಅದು ಕರೆಂಟಿನ ಸಪ್ಪಳಲೇ! ಅದು ಬರಬಾರದಂತ ನಾಕು ಸಲ ಬಿಚ್ಚಿ ಕಟ್ಟೇನಿ."

"ಅದೆಲ್ಲ ನನಗ ಗೊತ್ತಿಲ್ಲಪ. ನಾ ಆ ಗುಂಯ್‌ಗೆ ಶ್ರುತಿ ಕೂಡಿಸಿ ಢೋಲಕ್ ಬಿಗಿತಿದ್ದೆ."

ನಾಲ್ಕು ವರ್ಷ ನನ್ನ ಗಿಟಾರಿಗೂ ಅವನ ಢೋಲಕ್ಕಿಗೂ ಶ್ರುತಿ ಕೂಡದೆ ಹೋದದ್ದು ಇದಕ್ಕೇ! ಹಾಡುವವರು ಬೈದದ್ದು ಮಾತ್ರ ನನ್ನನ್ನು.

ಸಿಟ್ಟಿನಲ್ಲಿ ಡಬ್ಬಿ ಬಿಚ್ಚಿ, ಸಪ್ಪಳ ತಡೆಯಲೆಂದು ಹಾಕಿದ್ದ ಅರ್ಥ್ ವೈರನ್ನೇ ಕಿತ್ತೆ. ಗುಂಯ್ ಅಂದಿತು. ಗುಡ್ಡಪ್ಪನ ಮುಖ ಅರಳಿತು. ಢೋಲಕ್ ಬಿಗಿದು ಶುರುಮಾಡಿಯೇ ಬಿಟ್ಟ, ನಾನೂ ಬಿಡಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. "ಅಯ್ಯ, ನಮ್ಮಕ್ಕನ ಮದುವ್ಯಾಗ ನೀವು ಬಾರಿಸಿದ್ದು ಇದ ನೋಡ್ರಿ!"

ತಿಂಗಳಿಡೀ ಬೆಸುಗೆ ಹಾಕಿದರೂ ಸಿಗದ ಸರ್ಟಿಫಿಕೇಟು ಒಂದು ವೈರು ಕಿತ್ತಿದ್ದಕ್ಕೆ ಸಿಕ್ಕಿತು.