ಪಾರ್ವತಿ ಅಕ್ಕನ ಸೀರೆಯ ಪಕ್ಕದಲ್ಲಿ ಹಾವು

ಕಳೆದ ಭಾನುವಾರ ನಾವು ಚರ್ಚಿಗೆ ಹೋಗಲಿಲ್ಲ. ಕಾರಣ, ಹಾವು.

(ಆದಾಮ, ಏವಳ ಕಾಲದಿಂದಲೂ ಇದೇ ನೆಪ ಅಂತ ಆಮೇಲೆ ಫಾದರ್ ನಕ್ಕರು.)

ಮಲೇಶಿಯಾದ ಒಂದು ದ್ವೀಪದಲ್ಲಿ, ಬಯಾನ್ ಲೆಪಾಸ್‌ನಲ್ಲಿದೆ ನಮ್ಮ ಕಾಂಡೋ; ಅದರಲ್ಲಿ ನಮ್ಮದು ಗ್ರೌಂಡ್ ಫ್ಲೋರ್. ಪಕ್ಕದ ಮನೆ ಪಾರ್ವತಿ ಅಕ್ಕನದು. ಮಲೇಶಿಯಾದಲ್ಲೇ ಹುಟ್ಟಿ ಬೆಳೆದ ತಮಿಳರು, ಅರವತ್ತು ದಾಟಿದವರು. ಅವರು ತಮಿಳಲ್ಲಿ ಕೇಳುತ್ತಾರೆ, ನಾನು ಮಂಗಳೂರು ಕನ್ನಡಕ್ಕೆ ಸ್ವಲ್ಪ ತಮಿಳು ಬೆರೆಸಿ ಉತ್ತರಿಸುತ್ತೇನೆ. ಅಷ್ಟರಲ್ಲೇ ವರ್ಷಗಟ್ಟಲೆ ಹರಟೆ ನಡೆದಿದೆ.

ಅವತ್ತು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿದ್ದೆವು. ಹಿಂದುಗಡೆಯಿಂದ ಅಕ್ಕ ನನ್ನ ಹೆಸರು ಹಿಡಿದು ತಮಿಳಲ್ಲಿ ಕೂಗಿದ್ದು ಕೇಳಿತು. "ಐರಿನ್! ಪಾಂಬು! ಪಾಂಬು!"

ಓಡಿದೆವು. ಅಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ, ಒದ್ದೆ ಸೀರೆಯ ಪಕ್ಕದಲ್ಲಿ, ತೆಳ್ಳಗಿನ ಉದ್ದನೆಯ ಹಾವು. ಕಂದು ಬೆನ್ನು, ಮೈಯುದ್ದಕ್ಕೂ ತಿಳಿ ಹಳದಿ ಪಟ್ಟೆ, ಅದರ ಅಂಚಿಗೆ ಕಪ್ಪು ಗೆರೆ. ನಮ್ಮ ಗಲಾಟೆಗೆ ಅದೂ ಕಂಗಾಲಾಗಿತ್ತು ಅಂತ ಕಾಣುತ್ತೆ, ಅಲುಗಾಡಲೇ ಇಲ್ಲ.

ನನ್ನ ಗಂಡ ವಿಲ್ಫ್ರೆಡ್ ಮಾಪ್ ಕೋಲು ಎತ್ತಿಕೊಂಡರು. ಮಗಳು ರಿಯಾ ಫೋನಿನಲ್ಲಿ ಹಾವಿನ ಫೋಟೋ ತೆಗೆದು, ಜೂಮ್ ಮಾಡಿ ನೋಡಿ ತಡೆದಳು. "ಡ್ಯಾಡಿ, ಡೋಂಟ್! ಇಟ್ಸ್ ಎ ಬ್ರಾನ್ಜ್‌ಬ್ಯಾಕ್. ಟೋಟಲಿ ಹಾರ್ಮ್‌ಲೆಸ್."

ಅಷ್ಟೇ. ವಿಲ್ಫ್ರೆಡ್ ಕೋಲು ಕೆಳಗಿಟ್ಟು ಫೋನ್ ಹಿಡಿದರು. "ನೋಡಿ ಅಕ್ಕಾ, ಇದು ಮನುಷ್ಯರಿಗೆ ಏನೂ ಮಾಡಲ್ಲ. ಕಪ್ಪೆ, ಹಲ್ಲಿ ತಿಂದುಕೊಂಡಿರುತ್ತೆ. ಈ ದ್ವೀಪದ್ದೇ ಹಾವು. ನಾವೇ ಹೊರಗಿನವರು!"

"ಹೊಡೀರಿ," ಅಂದರು ಅಕ್ಕ.

"ಅಲ್ಲ ಅಕ್ಕಾ, ಇಲ್ಲಿ ಬರೆದಿದ್ದಾರೆ..."

"ನಿಮ್ಮ ಫೋನಿಗೆ ಏನು ಗೊತ್ತು? ಹೊಡೀರಿ!"

ಅವರ ದನಿ ಒಡೆದುಹೋಯಿತು. ಇನ್ನೊಂದು ಫೋಟೋ ತೋರಿಸಲು ಹೊರಟಿದ್ದ ವಿಲ್ಫ್ರೆಡ್‌ಗೆ ಕಣ್ಸನ್ನೆ ಮಾಡಿ, ಅಕ್ಕನನ್ನು ನಮ್ಮ ಅಡುಗೆಮನೆಗೆ ಕರೆತಂದೆ. ನೀರು ಕೊಟ್ಟೆ. ಕುಡಿಯಲಿಲ್ಲ.

"ನನಗೊಬ್ಬ ತಮ್ಮ ಇದ್ದ," ಅಂದರು.

ಇಷ್ಟು ವರ್ಷ ಪಕ್ಕದಲ್ಲಿದ್ದೇನೆ. ತಮ್ಮನ ಸುದ್ದಿ ಅವತ್ತೇ ಮೊದಲು ಕೇಳಿದ್ದು.

ಕೆಡಾ ರಾಜ್ಯದ ರಬ್ಬರ್ ಎಸ್ಟೇಟಿನಲ್ಲಿ ಅವರ ಬಾಲ್ಯ. ಅಪ್ಪ, ಅಮ್ಮ ರಬ್ಬರ್ ಹಾಲು ತೆಗೆಯಲು ಹೋಗಿದ್ದರು. ಮನೆ ಹಿಂದೆ ಸೌದೆ ತರಲು ಹೋದ ತಮ್ಮ ಮುರುಗನ್ ಅಳುತ್ತಾ ವಾಪಸ್ ಬಂದ. ಆಸ್ಪತ್ರೆ ದೂರ. ಲಾರಿ ಸಿಗುವಷ್ಟರಲ್ಲಿ ಅವನ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ದಾರಿಯಲ್ಲೇ ಅಕ್ಕನ ಮಡಿಲಲ್ಲಿ ಹೋಗಿಬಿಟ್ಟ.

"ಆ ಹಾವನ್ನು ನಾನು ನೋಡಲೇ ಇಲ್ಲಮ್ಮಾ. ಅವನ ಕಾಲಲ್ಲಿ ಎರಡು ಚುಕ್ಕಿ ನೋಡಿದೆ, ಅಷ್ಟೇ. ಅದಕ್ಕೇ ನನಗೆ ಎಲ್ಲ ಹಾವೂ ಅದೇ ಹಾವು."

ನಾನು ಅವರ ಪಕ್ಕದಲ್ಲಿ ಕೂತೆ. ಬಾಗಿಲಲ್ಲಿ ನಿಂತಿದ್ದ ವಿಲ್ಫ್ರೆಡ್ ಫೋನನ್ನು ಜೇಬಿಗೆ ಹಾಕಿಕೊಂಡರು.

ಫೈರ್ ಸ್ಟೇಶನ್‌ಗೆ ಫೋನ್ ಮಾಡಿದ್ದೆವು. (ಇಲ್ಲಿ ಬೆಂಕಿಗೂ ಹಾವಿಗೂ ಅವರೇ ಬರುತ್ತಾರೆ.) ಬಂದ ಯುವಕ ಗ್ಲೋವ್ಸ್ ಹಾಕಿ ಹಾವನ್ನು ಮೆಲ್ಲಗೆ ಬಿಡಿಸಿಕೊಂಡ. ಚೀಲಕ್ಕೆ ಹಾಕುವಷ್ಟರಲ್ಲಿ ಹಿಂದಿನಿಂದ ಮಲಯ್ ಭಾಷೆಯಲ್ಲಿ ಒಂದು ದನಿ ಬಂತು. "ನಿಲ್ಲಪ್ಪಾ, ತೋರಿಸು."

ಅಕ್ಕ!

ನನ್ನ ತೋಳನ್ನು ಉಗುರು ಊರುವಂತೆ ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಬಂದರು. ಹಾವು ನಾಲಿಗೆ ಆಡಿಸಿತು. ಅಕ್ಕ ಹಿಂದೆ ಸರಿಯಲಿಲ್ಲ. ಪಟ್ಟೆಯನ್ನು ತಲೆಯಿಂದ ಬಾಲದವರೆಗೂ ನೋಡಿದರು. ತಮ್ಮನ ಕಾಲಿನ ಆ ಎರಡು ಚುಕ್ಕಿಗೆ ಹೋಲಿಸುವವರಂತೆ ಆ ಪುಟ್ಟ ಬಾಯನ್ನು ತುಂಬಾ ಹೊತ್ತು ನೋಡಿದರು.

"ಇದಲ್ಲ," ಅಂದರು ಕೊನೆಗೆ. "ಇದು ಅದಲ್ಲ."

ಆಮೇಲೆ ಅತ್ತರು. ರಿಯಾ ಬಂದು ತಬ್ಬಿಕೊಂಡಳು.

ಹಾವನ್ನು ಗುಡ್ಡದ ಕಾಡಿಗೆ ಬಿಡುತ್ತೇನೆ ಅಂದ ಆ ಯುವಕ. "ಮನೆಗಳಿಲ್ಲದ ಕಡೆ ಬಿಡು," ಅಂದರು ಅಕ್ಕ. ಕಣ್ಣೊರೆಸಿಕೊಂಡು ನಮಗೆಲ್ಲ ಕಾಫಿ ಮಾಡಲು ಒಳಗೆ ಹೋದರು.

ನಮ್ಮ ಮಾಹಿತಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ಹೆದರಿದವರನ್ನು ಕಂಡಾಗ, "ಯಾಕೆ ಹೆದರಿದ್ದೀರಿ?" ಅಂತ ಕೇಳುವುದು ನಮಗೆ ಯಾಕೆ ಕೊನೆಗೆ ನೆನಪಾಗುತ್ತದೆ?