ಒಂದು ಚೊಂಬು ನೀರು, ಒಂದು ಜೊತೆ ಪೆಡಲ್

ಅಟ್ಟದ ಮೇಲಿನ ರಟ್ಟಿನ ಡಬ್ಬಿ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಹಳೇ ಗ್ರೀಸಿನ ವಾಸನೆ. ತಳದಲ್ಲಿ ದಿನಪತ್ರಿಕೆ ಸುತ್ತಿದ ಒಂದು ಜೊತೆ ಪೆಡಲ್ ಇತ್ತು. ಅಗಲವಾದ ಅಲ್ಯೂಮಿನಿಯಂ ಪೆಡಲ್, ಎರಡೂ ಮೈಗೆ ಸಣ್ಣ ಸಣ್ಣ ಉಕ್ಕಿನ ಹಲ್ಲು. ಸುತ್ತಿಟ್ಟವಳು ನಾನೇ, ಕದ್ದ ಮಾಲು ಬಚ್ಚಿಡುವವರ ಹಾಗೆ. ಕೈಗೆ ತೆಗೆದುಕೊಂಡ ಕೂಡಲೇ ಸೈಕಲ್ ಷಾಪಿನ ಮೇಸ್ತ್ರಿ ನೆನಪಾದರು, ಆ ನೆನಪಿನ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ, ಆರುವುದೂ ಬೇಡ.

ಆಗ ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಮೇಸ್ತ್ರಿಯ ಸೈಕಲ್ ಷಾಪು ನಾನು ದಿನಾ ಹಾದುಹೋಗುವ ದಾರಿಯಲ್ಲಿತ್ತು. ರೇಷ್ಮೆಗೂಡಿನ ಮೂಟೆ ಹೊರುವ ಸೈಕಲ್ಲು, ಹಾಲಿನ ಕ್ಯಾನಿನ ಸೈಕಲ್ಲು, ಇವುಗಳಲ್ಲೇ ಅವರ ಅರ್ಧ ಆಯುಸ್ಸು ಕಳೆದಿತ್ತು. ಮೂಟೆಗಳೆಲ್ಲ ಮೊಪೆಡ್ ಹತ್ತಿದ ಮೇಲೆ ಷಾಪು ಬಣಗುಟ್ಟತೊಡಗಿತು. ಅದೇ ಹೊತ್ತಿಗೆ ನಮ್ಮಂಥ ಸಂಬಳದವರಿಗೆ ಗೇರ್ ಸೈಕಲ್ಲಿನ ಹುಚ್ಚು ಹಿಡಿಯಿತು. ಐವತ್ತೈದು ದಾಟಿದ ಆ ಮನುಷ್ಯ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿ, ಹೊಸ ಪಾನಾಗಳನ್ನು ತಂದು, ಗೇರ್ ಬಿಚ್ಚಿ ಕೂಡಿಸುವುದನ್ನು ಕಲಿತರು. ಷಾಪು ಉಳಿಯುವುದಿದ್ದರೆ ಇನ್ನು ನಮ್ಮಿಂದಲೇ ಉಳಿಯಬೇಕಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಸೈಕಲ್ ಗುಂಪು ಮೂರು ದಿನದ ಪ್ರವಾಸ ಹಾಕಿಕೊಂಡಿತು. ಮೊದಲ ದಿನ ಚಿಂತಾಮಣಿ ಮೇಲೆ ಮುರುಗಮಲ್ಲ, ಮರುದಿನ ಹಿಂತಿರುಗಿ ಚಿಕ್ಕಬಳ್ಳಾಪುರ, ಕೊನೆಯ ದಿನ ಗೌರಿಬಿದನೂರು ದಾಟಿ ನಗರಗೆರೆ. ನನ್ನ ಸೈಕಲ್ಲಿನ ಪೆಡಲ್ ಸವೆದಿತ್ತು. ಒಳ್ಳೆಯದೊಂದು ಜೊತೆ ತೋರಿಸಿ ಎಂದು ಮೇಸ್ತ್ರಿಯ ಹತ್ತಿರ ಹೋದೆ.

"ಮೊದ್ಲು ನಿಮ್ ಶೂ ತೋರ್ಸಿ ಮೇಡಮ್ಮ," ಅಂದರು.

ಅದು ಅವರ ಪದ್ಧತಿ. ಯಾವ ಚಪ್ಪಲಿ, ಯಾವ ಶೂ ಹಾಕಿಕೊಂಡು ತುಳಿಯುತ್ತೀರೋ ಅದನ್ನು ಬಾಗಿಲ ಕಲ್ಲಿನ ಮೇಲೆ ಬೋರಲು ಹಾಕಿಸಿ, ಅಟ್ಟೆಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಹಾಲಿನವನಿಗೂ ಅಷ್ಟೇ, ಬ್ಯಾಂಕಿನ ಮ್ಯಾನೇಜರಿಗೂ ಅಷ್ಟೇ. ಆಮೇಲೆಯೇ ಪೆಡಲ್ ಹೊರಗೆ ಬರುತ್ತಿತ್ತು. ನಾನು ಒಂದನ್ನೆತ್ತಿ ಬೆರಳಲ್ಲಿ ತಿರುಗಿಸಿದೆ. ಗಿರ್ರನೆ ತಿರುಗಿತು, ಖುಷಿಯಾಯಿತು. ಅವರು ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

"ಫ್ಯಾನ್ ತರ ತಿರುಗ್ತು ಅಂದ್ರೆ ಒಳಗೆ ಗ್ರೀಸೇ ಇಲ್ಲ ಅಂತ. ಮೂರ್ನೇ ದಿನಕ್ಕೆ ಕಿರ್‍ಗುಟ್ಟುತ್ತೆ."

ದೂರ ಹೋಗುವವರ ಪೆಡಲ್ಲನ್ನು ಬಿಚ್ಚಿ ಗ್ರೀಸು ತುಂಬುವಂತಿರಬೇಕು. ಇಡೀ ದಿನ ತುಳಿದರೆ ಪಾದ ಊದುತ್ತದೆ, ಆಚೀಚೆ ಸರಿಸಿಕೊಳ್ಳಲು ಅಗಲ ಬೇಕು. ಹಲ್ಲು ಶೂ ಹಿಡಿಯಬೇಕೇ ಹೊರತು ಹರಿಯಬಾರದು... ಹೀಗೆ ಒಂದೊಂದೇ ಹೇಳುತ್ತಾ, ಕೊನೆಗೆ ಈ ಜೊತೆಯನ್ನು ಆರಿಸಿದರು. ಎಡಗಡೆಯದನ್ನು ನನ್ನ ಕೈಯಲ್ಲೇ ಬಿಗಿ ಮಾಡಿಸಿದರು. ಅದನ್ನು ಉಲ್ಟಾ ತಿರುಗಿಸಬೇಕೆಂದು ನನಗೆ ಗೊತ್ತಾದದ್ದೇ ಆಗ. ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳಬಾರದೆಂದೇ ಹಾಗೆ ಮಾಡಿರುತ್ತಾರಂತೆ. ಎಲ್ಲ ಆದಮೇಲೆ ಪೆಡಲ್ ಮೇಲೆ ಒಂದು ಚೊಂಬು ನೀರು ಸುರಿದು, ತಾವೇ ಸೈಕಲ್ ಹಿಡಿದುಕೊಂಡು, ಹತ್ತಿ ನಿಂತು ಪಾದ ತಿರುಚಿ ನೋಡಿ ಅಂದರು.

"ಒಣಗಿದ್ದಾಗ ಎಲ್ಲಾ ಪೆಡಲ್ಲೂ ಒಳ್ಳೇವೇ ಮೇಡಮ್ಮ. ನೀರು ಬಿದ್ಮೇಲೆ ನೋಡ್ಬೇಕು ಅದರ ಯೋಗ್ಯತೆ."

ನನ್ನ ಕಾಲು ಕದಲಲಿಲ್ಲ. ಅವರ ಮುಖದಲ್ಲಿ ಆಗ ಬಂದ ನಗು, ಪರೀಕ್ಷೆಯಲ್ಲಿ ಪಾಸಾದವರ ನಗು.

ಹೊರಡುವ ಬೆಳಿಗ್ಗೆ ಗುಂಪಿನ ಲೀಡರು ಎಲ್ಲರಿಗೂ ಕಿತ್ತಳೆ ಬಣ್ಣದ ತೆಳ್ಳನೆಯ ಪ್ಲಾಸ್ಟಿಕ್ ಪೆಡಲ್ ಹಂಚಿದರು. ಫೋಟೋದಲ್ಲಿ ಎಲ್ಲರ ಪೆಡಲ್ಲೂ ಒಂದೇ ಬಣ್ಣ ಕಾಣಬೇಕಂತೆ! ನನ್ನದನ್ನು ನೋಡಿ, "ಏನ್ ಮೇಡಂ, ಹಾಲಿನ ಕ್ಯಾನ್ ಹೊರ್ತೀರಾ?" ಎಂದು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕೆನಲ್ಲ, ಅದಕ್ಕೇನು ಹೇಳಲಿ. ಲೀಡರು ತಾವೇ ಪಾನಾ ಹಿಡಿದು ಮೇಸ್ತ್ರಿಯ ಪೆಡಲ್ ಬಿಚ್ಚಿ ನನ್ನ ಚೀಲಕ್ಕೆ ಹಾಕಿದರು, ಕಿತ್ತಳೆಯದನ್ನು ಕೂಡಿಸಿದರು. ಫೋಟೋ ಚೆನ್ನಾಗಿಯೇ ಬಂತು.

ಮೂರನೇ ದಿನ ನಗರಗೆರೆಗೆ ಮೊದಲು ಸಿಗುವ ಏರಿನಲ್ಲಿ ತುಂತುರು ಶುರುವಾಯಿತು. ಎದ್ದು ನಿಂತು ತುಳಿದೆ. ಬಲಗಾಲು ಪೆಡಲ್ ಮೇಲಿಂದ ಸೋಪಿನ ಮೇಲಿಟ್ಟ ಹಾಗೆ ಜಾರಿತು. ಕಣಕಾಲಿನ ಮೂಳೆ ಮುರಿಯಿತು. ಲೀಡರೇ ಕಾರು ತರಿಸಿದರು, ಆಸ್ಪತ್ರೆಗೆ ಸೇರಿಸಿದರು, ಪ್ಲಾಸ್ಟರ್ ಹಾಕುವ ತನಕ ಜೊತೆಗಿದ್ದರು. ಮಾರನೇ ದಿನ ಅವರ ಮನೆಯಿಂದ ಫ್ಲಾಸ್ಕಿನಲ್ಲಿ ಗಂಜಿ ಬಂತು. ಅದನ್ನು ಕುಡಿಯುತ್ತಾ ಫೋನ್ ನೋಡಿದರೆ, ಗುಂಪಿನ ವಾಟ್ಸಾಪಿನಲ್ಲಿ ಅವರದೇ ಸಂದೇಶ. ಶಿಡ್ಲಘಟ್ಟದ ಲೋಕಲ್ ಮೆಕ್ಯಾನಿಕ್ ಹಾಕಿದ ಪೆಡಲ್ ಲೂಸಾಗಿ ಮೇಡಂ ಬಿದ್ದರು, ದಯವಿಟ್ಟು ಯಾರೂ ಅವನ ಹತ್ತಿರ ಸೈಕಲ್ ಬಿಡಬೇಡಿ.

ಎಂಥ ನಾಲಿಗೆ! ಕೂಡಿಸಿದ ಕೈ ಯಾರದು, ಜಾರಿದ ಪೆಡಲ್ ಯಾರದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಇಪ್ಪತ್ತು ಜನ ಅದರ ಕೆಳಗೆ ಹೆಬ್ಬೆರಳು ಎತ್ತಿದ್ದರು. ಅವರಲ್ಲಿ ಒಬ್ಬರಾದರೂ ಮೂರು ದಿನ ನನ್ನ ಹಿಂದೆ ತುಳಿಯುತ್ತಾ ಆ ಕಿತ್ತಳೆ ಪೆಡಲ್ ನೋಡಿರಲಿಲ್ಲವೇ? ಓದು ಬರಹ ಬಲ್ಲವರು, ಎಲ್ಲರೂ ಸಂಬಳದವರು. ನಾನು ಬರೆಯಲು ಹೊರಟೆ... ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅವರ ಮನೆಯ ಗಂಜಿ ಬಾಯಲ್ಲಿತ್ತು. ಕೊನೆಗೆ ಏನೂ ಕಳಿಸಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಆ ಸೈಕಲ್ಲನ್ನೇ ತಳ್ಳಿಕೊಂಡು ಮೇಸ್ತ್ರಿಯ ಹತ್ತಿರ ಹೋದೆ. ಷಾಪಿನ ಮುಂದೆ ಒಂದೇ ಒಂದು ಗೇರ್ ಸೈಕಲ್ ಇರಲಿಲ್ಲ. ಅವರು ಕಿತ್ತಳೆ ಪೆಡಲ್ ನೋಡಿದರು, ನನ್ನ ಮುಖ ನೋಡಿದರು. ಎದ್ದು ಒಳಗಿಂದ ಚೊಂಬು ತಂದು ಅದರ ಮೇಲೆ ನೀರು ಸುರಿದು, ನನ್ನ ಶೂ ಬಿಚ್ಚಿಸಿ ಕೈಯಲ್ಲಿ ಹಿಡಿದು ಪೆಡಲ್ಲಿಗೆ ಒತ್ತಿದರು. ಶೂ ಸರ್ರನೆ ಜಾರಿತು. ಬಯ್ಯುತ್ತಾರೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಪರ್ವಾಲೇದು, ಕಾಲು ಸರಿ ಹೋಯ್ತಲ್ಲ," ಅಂದರು. ಶೂ ನನ್ನ ಕೈಗೆ ಕೊಡುತ್ತಾ, "ನನ್ ಕೈಯಿಂದ ಲೂಸಾಗಿಲ್ಲ ಅಂತ ನಿಮಗ್ ಗೊತ್ತಲ್ವಾ ಮೇಡಮ್ಮ?"

"ಗೊತ್ತು ಮೇಸ್ತ್ರಿ. ಗ್ರೂಪಲ್ಲಿ ಹಾಕ್ತೀನಿ, ಎಲ್ಲರಿಗೂ ಹೇಳ್ತೀನಿ."

ಅವರು ತಲೆಯಾಡಿಸಿದರು. ನಂಬಿದರು. ಇವತ್ತು ನಾಳೆ ಎನ್ನುತ್ತಾ ನಾನು ಹಾಕಲೇ ಇಲ್ಲ. ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಸ್ಕೂಲಿಗೆ ಹೋಗತೊಡಗಿದೆ. ಮುಂದಿನ ವರ್ಷ ಒಮ್ಮೆ ಆ ಕಡೆ ಹೋದಾಗ ಷಾಪಿದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಪಕ್ಕದ ಎಳನೀರಿನವಳನ್ನು ಕೇಳಿದೆ. ಮಗಳ ಊರಿಗೆ ಹೋದರು, ಹೋದ ಮೂರು ತಿಂಗಳಿಗೇ ಹಾರ್ಟು ನಿಂತುಹೋಯಿತಂತೆ ಎಂದು ಹೇಳಿ, ಮುಂದಿನ ಕಾಯಿ ಕೆತ್ತಲು ಶುರು ಮಾಡಿದಳು.

ಇವತ್ತು ಮಧ್ಯಾಹ್ನ ಆ ಪೆಡಲ್ಲನ್ನು ಸೀಮೆಎಣ್ಣೆಯಲ್ಲಿ ಒರೆಸಿ, ನಾನೇ ಸೈಕಲ್ಲಿಗೆ ಕೂಡಿಸಿದೆ. ಎಡಗಡೆಯದನ್ನು ಉಲ್ಟಾ ತಿರುಗಿಸಿ ಬಿಗಿ ಮಾಡಿದೆ. ಆಮೇಲೆ ಕೂತು ಗುಂಪಿಗೆ ಬರೆದೆ. ಅವತ್ತು ಯಾವ ಪೆಡಲ್ಲೂ ಲೂಸಾಗಿರಲಿಲ್ಲ, ಮೇಸ್ತ್ರಿ ಹಾಕಿದ್ದನ್ನು ಬಿಚ್ಚಿಸಿಕೊಂಡವಳು ನಾನು, ಅವರ ತಪ್ಪು ಎಳ್ಳಷ್ಟೂ ಇಲ್ಲ ಅಂತ. ಇಷ್ಟು ವರ್ಷ ಎದೆಯಲ್ಲಿ ಕೂತಿದ್ದದ್ದು ನಾಲ್ಕು ಸಾಲಿನಲ್ಲಿ ಮುಗಿಯಿತು.

ಲೀಡರು ಕೈಮುಗಿದ ಚಿತ್ರ ಕಳಿಸಿ, ಹಳೇದೆಲ್ಲ ಯಾಕೆ ಮೇಡಂ ಅಂದರು. ಇಬ್ಬರು ಹೆಬ್ಬೆರಳು ಎತ್ತಿದರು. ಅಂದು ನನ್ನ ಹಿಂದೆಯೇ ಸೈಕಲ್ ತುಳಿದಿದ್ದ ಒಬ್ಬರು ಕೇಳಿದರು, "ಯಾವ ಮೇಸ್ತ್ರಿ?"

ಫೋನನ್ನು ಬೋರಲು ಹಾಕಿದೆ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಪೆಡಲ್ ಮೇಲೆ ಸುರಿದೆ. ಗೋಡೆ ಹಿಡಿದು, ಹತ್ತಿ ನಿಂತು, ಪಾದ ತಿರುಚಿ ನೋಡಿದೆ. ಕಾಲು ಕದಲಲಿಲ್ಲ. ಕದಲಲಿಲ್ಲ ಮೇಸ್ತ್ರಿ ಎಂದು ಗಟ್ಟಿಯಾಗಿ ಹೇಳಿದೆ, ಕೇಳಬೇಕಾದವರು ಇಲ್ಲ.