ಪುಕ್ಕಟೆ ಪತ್ರಿಕೆಯ ಐದನೆಯ ಸಾಲು

ಗೋಕಾಕದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಅಂಗಡಿಗಳ ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಇಂಥ ಪ್ರೆಸ್ಸಿಗೆ ವೆಬ್‌ಸೈಟ್ ಬೇಕೆಂಬ ಹುಳವನ್ನು ನಮ್ಮ ಮನೆಯವರ ತಲೆಯಲ್ಲಿ ಬಿಟ್ಟವನು ಹುಕ್ಕೇರಿಯ ಒಬ್ಬ ಡಿಜಿಟಲ್ ತಜ್ಞ. ತಜ್ಞ ಎಂದು ನಾನು ಕರೆಯುತ್ತಿಲ್ಲ, ತನ್ನ ವಿಸಿಟಿಂಗ್ ಕಾರ್ಡಿನ ಮೇಲೆ ಅವನೇ ಹಾಗೆ ಹಾಕಿಸಿಕೊಂಡಿದ್ದ. ಆ ಕಾರ್ಡನ್ನೂ ನಮ್ಮಲ್ಲಿ ಮಾಡಿಸಿರಲಿಲ್ಲ, ಬೆಳಗಾವಿಯಲ್ಲಿ ಮಾಡಿಸಿದ್ದ.

ಮನೆಯವರ ದೋಸ್ತನ ಅಳಿಯ ಅವನು. ಮೊದಲ ದಿನವೇ ಲ್ಯಾಪ್‌ಟಾಪ್ ತೆರೆದು ಕುಳಿತು, ಎರಡು ಸಲ ಚಹಾ ಕುಡಿದು, "ಕಾಕಾ, ಮೊದಲ ಪ್ಲ್ಯಾನ್ ಮಾಡೋಣ್ರಿ" ಎಂದ. ಕೆಟ್ಟುಹೋದ ಪತ್ರಿಕೆಗಳ ಬೆನ್ನಿಗೆ ಚೌಕ ಚೌಕವಾಗಿ ಗೆರೆ ಎಳೆದ. ಇದು ಹೋಮ್ ಪೇಜ್, ಇದು 'ನಮ್ಮ ಬಗ್ಗೆ', ಇದು 'ನಮ್ಮ ತಂಡ'. ನಮ್ಮ ತಂಡವೆಂದರೆ ನಾನು, ನಮ್ಮ ಮನೆಯವರು ಮತ್ತು ಕಾಗದ ಕತ್ತರಿಸುವ ಮಷಿನ್ನು. ಹೋಮ್ ಪೇಜಿಗೆ ಫೋಟೋ ಬೇಕೆಂದು ಮನೆಯವರನ್ನು ಧುಪದಾಳಕ್ಕೆ ಕರೆದುಕೊಂಡು ಹೋಗಿ, ಒಡ್ಡಿನ ಮೇಲಿಂದ ಬೀಳುವ ನೀರಿನ ಮುಂದೆ ನಿಲ್ಲಿಸಿದ. ಲಗ್ನಪತ್ರಿಕೆಗೂ ಧುಪದಾಳದ ನೀರಿಗೂ ಏನಪ್ಪಾ ಸಂಬಂಧ ಎಂದು ಕೇಳಿದೆ. "ಫೀಲ್ ಬರ್ತೈತ್ರಿ ಕಾಕು" ಎಂದ. ಆ ಫೀಲ್ ಇವತ್ತಿನವರೆಗೆ ಯಾರಿಗೂ ಬಂದದ್ದು ನಾನು ಕಾಣೆ.

ಆಮೇಲೆ ಗಿವ್‌ಅವೇ ಶುರುವಾಯಿತು. ಮದುವೆ ಇಟ್ಟುಕೊಂಡವರಿಗೆಲ್ಲ ಫೋನಿನಲ್ಲಿ ಕಳಿಸುವ ಪತ್ರಿಕೆಯನ್ನು ನಾವು ಪುಕ್ಕಟೆ ಮಾಡಿಕೊಡಬೇಕು. ಅದರಲ್ಲಿ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ, ಗಣಪತಿ ಮೂಡುತ್ತಾನೆ, ಹಿಂದೆ ಶಹನಾಯಿ. ಅದನ್ನು ಕಂಡು ಮಂದಿ ಮರುಳಾಗಿ, ಅಚ್ಚಿನ ಪತ್ರಿಕೆ ಮಾಡಿಸಲು ನಮ್ಮಲ್ಲಿಗೆ ಓಡಿ ಬರುತ್ತಾರಂತೆ. ಮಂದಿ ಮರುಳಾದದ್ದೇನೋ ಖರೆ. ಪುಕ್ಕಟೆಯದನ್ನು ತೆಗೆದುಕೊಂಡರು, ಊರಿಗೆಲ್ಲ ಕಳಿಸಿದರು, ಆಮೇಲೆ ಬಂದು "ದೇವರ ಮುಂದ ಇಡಾಕ ಒಂದೀಟು ಪ್ರಿಂಟ್ ಮಾಡಿಕೊಡ್ರಿ, ಸಾಕು" ಎಂದರು. ನನ್ನ ಹೊಟ್ಟೆ ಉರಿದುಹೋಯಿತು. "ಕಾಲ ಬದಲ ಆಗೇತಿ, ನಿನಗ ತಿಳಿಯಾಂಗಿಲ್ಲ, ಸುಮ್ನಿರು" ಎಂದರು ಮನೆಯವರು. ತಿಳಿಯುವುದಿಲ್ಲ, ನಿಜ. ಮಾಡುವ ಕೆಲಸವನ್ನೇ ಹಂಚಿಬಿಟ್ಟು ಕೆಲಸ ಬರುತ್ತದೆಂದು ಕಾಯುವುದು ನನಗೆ ಈಗಲೂ ತಿಳಿಯುವುದಿಲ್ಲ.

ಅಚ್ಚಿನ ಪತ್ರಿಕೆಯ ಕೆಳಭಾಗ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. 'ತಮ್ಮ ಸುಖಾಗಮನ ಬಯಸುವವರು' ಎಂದು ಹಾಕಿ, ಕಾಕಾ, ದೊಡ್ಡಪ್ಪ, ಸೋದರಮಾವ, ಅಳಿಯಂದಿರು ಎಲ್ಲರನ್ನೂ ಸಂತೆ ದಿನದ ಬಸ್ಸಿನಂತೆ ತುಂಬುತ್ತೇವೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ನಮ್ಮ ಟೇಬಲ್ಲಿನ ಮುಂದೆಯೇ ಜಗಳ ಹತ್ತುತ್ತದೆ, ಚಹಾ ತರಿಸುತ್ತೇವೆ, ಜಗಳ ಆರುತ್ತದೆ. ತಜ್ಞನಿಗೆ ಇದು ಕಸವಾಗಿ ಕಂಡಿತು. "ಇಷ್ಟ ಹೆಸರ ಯಾರ ಓದ್ತಾರ್ರಿ ಕಾಕು? ಡಿಸೈನ್ ಕ್ಲೀನ್ ಇರಬೇಕು" ಎಂದು ಪುಕ್ಕಟೆ ಪತ್ರಿಕೆಯಲ್ಲಿ ಹೆಸರಿಗೆ ನಾಲ್ಕೇ ಸಾಲು ಇಟ್ಟ. ಐದನೆಯ ಸಾಲಿನಲ್ಲಿ ನಮ್ಮ ಪ್ರೆಸ್ಸಿನ ಹೆಸರು ಮತ್ತು ಫೋನ್ ನಂಬರು. ಯಾರದೋ ಮಗಳ ಮದುವೆಗೆ ಸುಖಾಗಮನ ಬಯಸಲು ನಾವು ಯಾರು ಎಂದು ನಾನು ಕೂಗಾಡಿದೆ. ಅದಕ್ಕೆ ಬ್ರ್ಯಾಂಡಿಂಗ್ ಎನ್ನುತ್ತಾರಂತೆ.

ಗೋಕಾಕ ಫಾಲ್ಸಿನ ಒಬ್ಬ ಹೆಣ್ಣುಮಗಳು ಮಗಳ ಮದುವೆಯ ಪತ್ರಿಕೆಗೆ ಬಂದದ್ದು ನಾನು ಅಂಕಲಗಿಗೆ ತವರಿಗೆ ಹೋಗಿದ್ದ ದಿನ. ಮಿಲ್ಲಿನಲ್ಲಿ ಕೆಲಸಕ್ಕಿದ್ದ ಅವಳ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆ ಹುಡುಗಿ ಬೆಳೆದದ್ದು, ಸಾಲಿ ಕಲಿತದ್ದು ಎಲ್ಲ ಮೂಡಲಗಿಯಲ್ಲಿ, ತಾಯಿಯ ಅಣ್ಣನ ಮನೆಯಲ್ಲಿ. ಅವನು ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಇವಳು ಅಚ್ಚಿನ ಪತ್ರಿಕೆಯನ್ನೇ ಕೇಳಿದಳಂತೆ. ನಮ್ಮ ಮನೆಯವರು ದೊಡ್ಡ ಉಪಕಾರ ಮಾಡುವವರ ಹಾಗೆ, "ಯಾಕ ಖರ್ಚ ಮಾಡ್ತೀ ಯವ್ವಾ, ಪುಕ್ಕಟ ಐತಿ, ಇದನ್ನ ತೊಗೊ" ಎಂದು ಅವಳನ್ನು ತಜ್ಞನ ಮುಂದೆ ಕೂಡಿಸಿದರು. ಅವಳು ತೀರಿಕೊಂಡ ಗಂಡನ ಹೆಸರು ಹೇಳಿದಳು, ತನ್ನದು, ಇಬ್ಬರು ಮೈದುನರದು, ಆಮೇಲೆ ಅಣ್ಣನದು. "ಜಾಗಾ ಮುಗದೈತಿ, ಒಂದ ತಗೀರಿ" ಎಂದ ಇವನು. ಮೈದುನರದನ್ನು ತೆಗೆದರೆ ಮನೆಯಲ್ಲಿ ರಂಪ ಆಗುತ್ತದೆ. ಅಣ್ಣ ಸ್ವಂತದವನು, ತಿಳಿದುಕೊಳ್ಳುತ್ತಾನೆ ಎಂದುಕೊಂಡು ಅವನದನ್ನೇ ತೆಗೆಸಿದಳು.

ಪತ್ರಿಕೆ ಫೋನಿನಿಂದ ಫೋನಿಗೆ ಹಾರಿ ಅವಳಿಗಿಂತ ಮೊದಲೇ ಮೂಡಲಗಿ ಮುಟ್ಟಿತು. ಅವಳು ಕರೆಯಲು ಹೋಗುವಷ್ಟರಲ್ಲಿ ಅಣ್ಣ ಅದನ್ನು ನೋಡಿಬಿಟ್ಟಿದ್ದ. ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಮದುವೆ ಹತ್ತಿರ ಬಂದಂತೆ ಅವಳು ನಮ್ಮ ಪ್ರೆಸ್ಸಿಗೆ ಬಂದು ಕಣ್ಣೀರು ಹಾಕಿದಳು.

"ಅಪ್ಪ ಇಲ್ಲದ ಹುಡುಗಿ ಅಕ್ಕಾರ. ಅಕ್ಕಿಕಾಳ ಬೀಳೂಮುಂದ ಮಾಮಾ ಬೆನ್ನ ಹಿಂದ ನಿಂದರಲಿಲ್ಲಂದ್ರ ಯಾರ ನಿಂದರ್ತಾರ?"

ತಜ್ಞ ಅಲ್ಲೇ ಕುಳಿತಿದ್ದ. "ಟೆನ್ಶನ್ ತೊಗೋಬ್ಯಾಡ್ರಿ, ಎಡಿಟ್ ಮಾಡಿ ಮತ್ತ ಫಾರ್ವರ್ಡ್ ಮಾಡಿದ್ರಾತು" ಎಂದ. ಅವನ ಲ್ಯಾಪ್‌ಟಾಪನ್ನು ಮಷಿನ್ನಿನ ಬ್ಲೇಡಿನ ಕೆಳಗೆ ಇಡಬೇಕೆನ್ನಿಸಿತು. ಇಡಲಿಲ್ಲ. ಮನೆಯವರ ಮುಂದೆ ನಿಂತು, ಅಚ್ಚಿನ ಪತ್ರಿಕೆ ಮಾಡಿಸಿದೆ. ಸೋದರಮಾವನ ಹೆಸರು ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚಿಕೊಂಡು ಅವಳ ಜೊತೆ ನಾನೂ ಮೂಡಲಗಿಯ ಬಸ್ ಹತ್ತಿದೆ.

ಅವನು ಒಳ್ಳೆಯ ಮನುಷ್ಯ. ಗ್ರೀಸ್ ಕೈ ತೊಳೆದುಕೊಂಡು ಬಂದು, ಕುರ್ಚಿ ಹಾಕಿ, ಚಹಾ ಕೊಟ್ಟ. ಪತ್ರಿಕೆಯನ್ನು ಪೂರಾ ಓದಿ ನನ್ನ ಕೈಗೇ ವಾಪಸು ಕೊಟ್ಟ.

"ಜಾಗಾ ಇರಲಿಲ್ಲಂತ ನಮ್ಮ ತಂಗಿ ಹೇಳಿದ್ಲು. ಇರಲಿಲ್ಲಂದ್ರ ಇರಲಿಲ್ಲ, ನಂದೇನ ತಕರಾರ ಇಲ್ಲ. ಆದ್ರ ನಿಮ್ಮ ಅಂಗಡಿಗೆ ಎಲ್ಲಿಂದ ಬಂತ್ರಿ ಅಕ್ಕಾರ ಜಾಗಾ? ನೀವು ಆ ಹುಡುಗೀನ ಒಂದ ದಿನ ಎತ್ತಿ ಆಡಿಸೀರೇನು?"

ನನಗೆ ಬಂದ ಸಿಟ್ಟೆಲ್ಲ ಊರಲ್ಲಿ ಕುಳಿತ ಮನೆಯವರ ಮೇಲೆ, ಆ ತಜ್ಞನ ಮೇಲೆ. ತಂಗಿಯ ಕಡೆ ನೋಡದೆಯೇ "ಬರತೇನಿ, ಹೋಗ್ರಿ" ಎಂದು ಅವನು ಪಂಪಿನ ಕಡೆ ತಿರುಗಿದ.

ಮದುವೆಗೆ ನಮ್ಮ ಮನೆಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕುಳಿತರು. ತಜ್ಞನೂ ಬಂದಿದ್ದ, ವೆಬ್‌ಸೈಟಿನ 'ಸಂತೃಪ್ತ ಗ್ರಾಹಕರು' ಪುಟಕ್ಕೆ ವಿಡಿಯೋ ಮಾಡಲು. ಸೋದರಮಾವ ಬಂದ, ಆದರೆ ಗಂಡಿನ ಕಡೆಯವರ ನಡುವೆ, ಹಿಂದಿನ ಕುರ್ಚಿಯೊಂದರಲ್ಲಿ ಪರವೂರಿನವನ ಹಾಗೆ ಕುಳಿತ. ಮದುವೆ ಮಾಡಿಸುವ ಅಯ್ಯನವರು, "ಹುಡುಗಿ ಸೋದರಮಾವ ಬರ್ರಿ" ಎಂದು ಕರೆದರು. ಅವನು ಏಳಲಿಲ್ಲ. ಮತ್ತೆ ಕರೆದಾಗ ನಮ್ಮ ಮನೆಯವರ ಕಡೆ ಕೈ ಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಪತ್ರಿಕ್ಯಾಗ ಅವರ ಹೆಸರ ಐತಿ. ಅವರನ್ನ ನಿಲ್ಲಸ್ರಿ" ಎಂದ.

ಪೆಂಡಾಲೆಲ್ಲ ತಿರುಗಿ ನಮ್ಮನ್ನೇ ನೋಡಿತು. ನಮ್ಮವರು ತಲೆ ತಗ್ಗಿಸಿ ಅಂಗಿಯ ಗುಂಡಿ ಮುಟ್ಟಿಕೊಳ್ಳುತ್ತ ಕುಳಿತರು. ತಜ್ಞ ಮಾತ್ರ ಫೋನನ್ನು ಇಳಿಸಲಿಲ್ಲ, ಒಂದು ಹೆಜ್ಜೆ ಮುಂದೆ ಬಂದು ಇನ್ನೂ ಹತ್ತಿರದಿಂದ ಹಿಡಿದ.

ಆಗ ಹುಡುಗಿ ಬಾಸಿಂಗ ಕಟ್ಟಿದ ಮುಖ ಎತ್ತಿ ಮಂಟಪದ ಮೇಲಿನಿಂದಲೇ, "ಮಾಮಾ, ನನ್ನ ಕಾಲ ನಡಗಾಕತ್ತಾವ. ಬಾ" ಎಂದಳು.

ಅವನು ಎದ್ದ. ಚಪ್ಪಲಿ ಬಿಟ್ಟು ಮೇಲೆ ಹತ್ತಿ ಅವಳ ಹಿಂದೆ ನಿಂತು, ಎರಡೂ ಭುಜ ಹಿಡಿದುಕೊಂಡ. ಅಕ್ಕಿಕಾಳು ಬಿದ್ದವು. ಹುಡುಗಿ ಅತ್ತಳು, ಅವನೂ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಕೆಳಗಿಳಿದು, ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಬಸ್ ಹಿಡಿಯಲು ನಡೆದ.

ಅವನ ತಂಗಿ ಅಡುಗೆಯವರ ಹತ್ತಿರ ಹೋಗಿ ತಾನೇ ನಿಂತು ತಾಟಿಗೆ ಹುಗ್ಗಿ ಹಾಕಿಸಿ, ಮೇಲೆ ತುಪ್ಪ ಬಿಡಿಸಿ ತಂದಳು. ಅಣ್ಣ ಕುಳಿತಿದ್ದ ಕುರ್ಚಿ ನೋಡಿದಳು, ಹೊರಗೆ ರಸ್ತೆಯವರೆಗೂ ಹೋಗಿ ನೋಡಿದಳು. ತಾಟು ಹಿಡಿದುಕೊಂಡೇ ತಿರುಗಿ ಬಂದು ನನ್ನ ಮುಂದೆ ನಿಂತಳು. ಬೈಯುತ್ತಾಳೆಂದು ಕಾದೆ, ಬೈಯಬೇಕಿತ್ತು ಕೂಡ.

"ಪುಕ್ಕಟ ಅಂದ್ರಲ್ರಿ ಅಕ್ಕಾರ," ಎಂದಳು, "ಅದಕ್ಕ ತೊಗೊಂಡೆ."